ಎರಡು ಬಾರಿ ಕರಿದದ್ದೆಂದು ಹೇಳಿ ಮೆತ್ತಗಿನ ಕೊರಿಯನ್ ಚಿಕನ್ ಬಡಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ಮಾನ್ಯರೇ,

ನಿಮ್ಮ ರೆಸ್ಟೋರೆಂಟ್ ಶುರುವಾದಾಗಿನಿಂದಲೂ ನಾನು ಅಲ್ಲಿಗೆ ಬರುತ್ತಿದ್ದೇನೆ. ಕೊರಿಯನ್ ಫ್ರೈಡ್ ಚಿಕನ್ ಎಂದು ಹೇಳಿ ಚಿಕನ್ ಪಕೋಡದ ಮೇಲೆ ಕೆಂಪು ಸಾಸ್ ಸುರಿದು ಕೊಡುವ ಜಾಗಗಳನ್ನು ನೋಡಿದ್ದೇನೆ, ನಿಮ್ಮಲ್ಲಿ ಹಾಗಿರಲಿಲ್ಲ. ತೆಳುವಾದ ಹೊದಿಕೆ, ಕಚ್ಚಿದರೆ ಕರಕರ ಸದ್ದು, ಒಳಗೆ ರಸ ಆರದ ಮಾಂಸ. ಬೆಳ್ಳುಳ್ಳಿ–ಸೋಯಾ ತಟ್ಟೆ ಬಂತೆಂದರೆ ಅದು ಖಾಲಿಯಾಗುವ ತನಕ ನಮ್ಮ ಮೇಜಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅಷ್ಟು ಮೆಚ್ಚಿದ ಜಾಗವಾದ್ದರಿಂದಲೇ ಕೂತು ಬರೆಯುತ್ತಿದ್ದೇನೆ.

ಕಳೆದ ಭಾನುವಾರ ರಾತ್ರಿ, ಹಾಸನದಿಂದ ಬಂದಿದ್ದ ಅಪ್ಪ, ಅಮ್ಮನನ್ನು ಕರೆತಂದಿದ್ದೆ. ಅರ್ಧ ಸಾದಾ, ಅರ್ಧ ಯಾಂಗ್‌ನ್ಯೊಮ್ (ಸಿಹಿ-ಖಾರದ ಕೆಂಪು ಸಾಸ್ ಹಚ್ಚಿದ್ದು) ಹೇಳಿದೆವು. ಸಾದಾ ತುಂಡುಗಳು ಬಿಸಿ ಇದ್ದವು, ಗರಿಗರಿ ಇರಲಿಲ್ಲ. ಯಾಂಗ್‌ನ್ಯೊಮ್ ತುಂಡನ್ನು ಅಪ್ಪ ಎತ್ತಿಕೊಂಡರೆ ಹೊದಿಕೆ ಚರ್ಮದ ಸಮೇತ ಜಾರಿ ಅವರ ಬೆರಳಿಗೇ ಅಂಟಿಕೊಂಡಿತು. ತಟ್ಟೆಯ ತಳದಲ್ಲಿ ಸಾಸ್ ನೀರೊಡೆದು ನಿಂತಿತ್ತು. ಕೇಳಿದ್ದಕ್ಕೆ ಬಡಿಸುವ ಹುಡುಗ, "ಈಗ ಒಂದೇ ಸಲ ಕರಿಯೋದು ಮೇಡಂ. ರಶ್ ಇರುತ್ತಲ್ಲ, ಸಾಸೂ ಮೊದಲೇ ಕಲಸಿಟ್ಟಿರ್ತಾರೆ" ಎಂದ. ಇದ್ದದ್ದನ್ನು ಇದ್ದಂತೆ ಹೇಳಿದ ಆ ಹುಡುಗನ ಮೇಲೆ ದಯವಿಟ್ಟು ಕ್ರಮ ಜರುಗಿಸಬೇಡಿ.

ಆದರೆ ನಿಮ್ಮ ಮೆನುವಿನಲ್ಲಿ ಇಂದಿಗೂ "ಎರಡು ಬಾರಿ ಕರಿದದ್ದು" ಎಂದೇ ಅಚ್ಚಾಗಿದೆ. ಆ ಎರಡನೇ ಕರಿತವೇ ಈ ತಿಂಡಿಯ ಜೀವ. ಮೊದಲ ಸಲ ಸ್ವಲ್ಪ ಕಡಿಮೆ ಕಾವಿನಲ್ಲಿ ಮಾಂಸ ಬೇಯುತ್ತದೆ. ತೆಗೆದು ಆರಲು ಬಿಟ್ಟಾಗ ಒಳಗಿನ ತೇವ ಹೊದಿಕೆಗೆ ಬರುತ್ತದೆ. ಮತ್ತೆ ಹೆಚ್ಚು ಕಾವಿನ ಎಣ್ಣೆಗೆ ಬಿಟ್ಟಾಗ ಆ ತೇವ ಹಾರಿಹೋಗುತ್ತದೆ. ಹಾಗೆ ಗಟ್ಟಿಯಾದ ಹೊದಿಕೆಗಷ್ಟೇ ಗೊಚುಜಾಂಗ್ (ಹುದುಗಿಸಿದ ಕೊರಿಯನ್ ಮೆಣಸಿನ ಪೇಸ್ಟ್) ಸಾಸನ್ನು ತಾಳಿಕೊಳ್ಳುವ ಶಕ್ತಿ ಇರುವುದು, ಅದೂ ಬಡಿಸುವ ಹೊತ್ತಿಗೆ ಹಚ್ಚಿದರೆ ಮಾತ್ರ.

ಇನ್ನೊಂದು, ಮೂಲಂಗಿ. ಮೊದಲು ತಟ್ಟೆಯ ಜೊತೆ ತಾನಾಗಿ ಬರುತ್ತಿದ್ದ, ವಿನೆಗರ್ ಮತ್ತು ಸಕ್ಕರೆಯಲ್ಲಿ ನೆನೆಸಿದ ಆ ಬಿಳಿ ಚೌಕಗಳಿಗೆ ಈಗ ಬಿಲ್ಲಿನಲ್ಲಿ ಬೇರೆ ಸಾಲು. ಕೊರಿಯಾದಲ್ಲಿ ಚಿಕನ್ ತರಿಸಿದರೆ ಮೂಲಂಗಿ ಅದರ ಜೊತೆಗೇ ಬರುವುದು ರೂಢಿ. ಯಾಂಗ್‌ನ್ಯೊಮ್ ಚಿಕನ್ ಹುಟ್ಟುಹಾಕಿದವರೆಂದು ಹೆಸರಾದ ದೇಗು ನಗರದ ಯೂನ್ ಜೊಂಗ್-ಗೆ ಅವರಿಗೇ ಈ ಮೂಲಂಗಿಯ ಶ್ರೇಯಸ್ಸೂ ಸಲ್ಲುತ್ತದೆ. ಎಣ್ಣೆಯ ಜಿಡ್ಡನ್ನು ನಾಲಿಗೆಯಿಂದ ತೊಳೆದು ಮುಂದಿನ ತುಂಡಿಗೆ ಬಾಯಿ ಸಿದ್ಧ ಮಾಡುವುದು ಅದೇ. ಅದಕ್ಕೆ ಬೇರೆ ದುಡ್ಡು ಕೇಳುವುದು ಮಸಾಲೆ ದೋಸೆ ಕೊಟ್ಟು ಚಟ್ನಿಗೆ ಬೇರೆ ಬಿಲ್ ಹಾಕಿದಂತೆ.

ಆ ತಟ್ಟೆಯ ಹಣವನ್ನೂ ಮೂಲಂಗಿಗೆ ಹಾಕಿದ ಮೊತ್ತವನ್ನೂ ಹಿಂತಿರುಗಿಸಬೇಕೆಂದು ಕೇಳುತ್ತಿದ್ದೇನೆ. ಅದಕ್ಕಿಂತ ಮುಖ್ಯವಾಗಿ, ಎರಡು ಬಾರಿ ಕರಿಯುವುದನ್ನು ಮತ್ತೆ ಶುರುಮಾಡಿ. ರಶ್ ಇದ್ದರೆ ಇಪ್ಪತ್ತು ನಿಮಿಷ ಹೆಚ್ಚು ಕಾಯಿರಿ ಎನ್ನಿ, ಕಾಯುತ್ತೇವೆ. ಆಗದಿದ್ದರೆ ಮೆನುವಿನಿಂದ ಆ ಸಾಲನ್ನಾದರೂ ತೆಗೆಯಿರಿ. ಮಾಡದ್ದನ್ನು ಮಾಡಿದ್ದೇವೆಂದು ಬರೆದು ದುಡ್ಡು ಪಡೆಯುವುದು ಸರಿಯಲ್ಲ.

ಬಿಲ್ಲಿನ ಪ್ರತಿ ಮತ್ತು ತಟ್ಟೆಯ ಫೋಟೋ ಲಗತ್ತಿಸಿದ್ದೇನೆ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ