ಧ್ಯಾನಕ್ಕೂ ಮೊದಲು ಕೂರುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ವಿಶ್ವಸಂಸ್ಥೆ 2024ರಲ್ಲಿ ಘೋಷಿಸಿತು. ಶಾಲೆ, ಕಚೇರಿ, ಬಡಾವಣೆಯ ಪಾರ್ಕುಗಳಲ್ಲಿ ಸಾಮೂಹಿಕ ಧ್ಯಾನ ನಡೆಯುವುದು ಸಂತೋಷದ ಸಂಗತಿ. ಆದರೆ ಇಂಥ ಕಡೆ ಹೊಸಬರಿಗೆ ಸಿಗುವ ಸೂಚನೆ ಹೆಚ್ಚಾಗಿ ಒಂದೇ: 'ಪದ್ಮಾಸನ ಹಾಕಿ, ಕಣ್ಣು ಮುಚ್ಚಿ, ಮನಸ್ಸು ಖಾಲಿ ಮಾಡಿಕೊಳ್ಳಿ.' ಹಾಗೆ ಕೂತವರು ಮಂಡಿನೋವು ತಡೆಯಲಾರದೆ, ಮನಸ್ಸೂ ಖಾಲಿಯಾಗದೆ, 'ಇದು ನಮಗಾಗದು' ಎಂದು ನಾಲ್ಕೇ ದಿನಕ್ಕೆ ಬಿಟ್ಟುಬಿಡುತ್ತಾರೆ. ತಪ್ಪು ಅವರದಲ್ಲ.

ಕುರ್ಚಿಗೆ ಒಗ್ಗಿದ ದೇಹ ನೆಲದ ಮೇಲೆ ಚಕ್ಕಳಮಕ್ಕಳ ಕೂತಾಗ ಮಂಡಿ ಸೊಂಟಕ್ಕಿಂತ ಮೇಲೇ ನಿಲ್ಲುತ್ತದೆ. ಸೊಂಟ ಹಿಂದಕ್ಕೆ ವಾಲಿ, ಬೆನ್ನು ಬಾಗಿ, ಸ್ವಲ್ಪ ಹೊತ್ತಿಗೇ ನಡು ನೋಯತೊಡಗುತ್ತದೆ. ಕಂಬಳಿಯನ್ನು 4ರಿಂದ 6 ಅಂಗುಲ ಎತ್ತರಕ್ಕೆ ಮಡಚಿ ಅದರ ಮುಂದಿನ ಅಂಚಿನಲ್ಲಿ ಕೂತರೆ ಮಂಡಿ ಕೆಳಗಿಳಿದು ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಪದ್ಮಾಸನವೇ ಆಗಬೇಕೆಂಬ ಹಟ ಬೇಡ. ತೊಡೆಯ ಕೀಲು ಹೊರಳದಿದ್ದರೆ ಆ ತಿರುಚೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಪತಂಜಲಿ ಆಸನದ ಬಗ್ಗೆ ಕೇಳಿದ್ದು ಎರಡೇ ಗುಣ: ಸ್ಥಿರ, ಸುಖ. ಹಿರಿಯರು ಕುರ್ಚಿಯಲ್ಲಿ ಬೆನ್ನು ಒರಗಿಸದೆ, ಪಾದ ಪೂರ್ತಿ ನೆಲಕ್ಕೆ ಊರಿ ಕೂರಲಿ. ಕಾಲು ಎಟುಕದಿದ್ದರೆ ಕೆಳಗೊಂದು ಮಣೆ ಇಟ್ಟರಾಯಿತು. ಕಾಲು ಜೋಮು ಹಿಡಿದರೆ ಮೆಲ್ಲಗೆ ಭಂಗಿ ಬದಲಿಸಬೇಕು. ಜೋಮು ಇಳಿಯುವ ಮುನ್ನ ಎದ್ದರೆ ಬೀಳುವ ಅಪಾಯವಿದೆ.

ಮುಂದಿನದು ಉಸಿರು. ಮೂಗಿನ ಹೊಳ್ಳೆಯ ಬಳಿ ಗಾಳಿ ಸೋಕುವುದನ್ನು ಗಮನಿಸುತ್ತ, ಪ್ರತಿ ನಿಶ್ವಾಸಕ್ಕೆ ಒಂದರಂತೆ 1ರಿಂದ 10ರವರೆಗೆ ಮನಸ್ಸಿನಲ್ಲೇ ಎಣಿಸಿ, ಮತ್ತೆ 1ಕ್ಕೆ ಬರಬೇಕು. ಎಣಿಕೆ ತಪ್ಪಿದರೂ 1ರಿಂದಲೇ ಶುರು. ಉಸಿರನ್ನು ಎಳೆದೆಳೆದು ತೆಗೆದುಕೊಳ್ಳಬಾರದು. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ತುಟಿ, ಬೆರಳ ತುದಿ ಜುಮ್ಮೆನ್ನುತ್ತವೆ. ಇದನ್ನೇ 'ಶಕ್ತಿ ಜಾಗೃತಿ' ಎಂದು ಹೊಸಬರಿಗೆ ಹೇಳುವುದು ತಪ್ಪು.

ಎಣಿಕೆ ಮೂರಕ್ಕೆ ಬರುವಷ್ಟರಲ್ಲಿ ಮನಸ್ಸು ಸಂತೆಗೋ ಸಾಲದ ಕಂತಿಗೋ ಹೋಗಿರುತ್ತದೆ. ಅದು ಸೋಲಲ್ಲ. ಹೋದದ್ದು ತಿಳಿದು, ಬೈದುಕೊಳ್ಳದೆ ವಾಪಸು ಬರುವುದೇ ಇಲ್ಲಿನ ಕಸರತ್ತು. ಚಂಚಲ ಮನಸ್ಸು ಎಲ್ಲೆಲ್ಲಿ ಹರಿಯುವುದೋ ಅಲ್ಲಲ್ಲಿಂದ ಅದನ್ನು ಹಿಂದಕ್ಕೆ ತರಬೇಕೆಂದು ಗೀತೆಯ ಆರನೆಯ ಅಧ್ಯಾಯವೂ ಹೇಳುತ್ತದೆ. ಖಾಲಿ ಮಾಡಲು ಹೆಣಗಿದಷ್ಟೂ ಯೋಚನೆ ಹೆಚ್ಚುತ್ತದೆ.

ಮೊದಲ ವಾರ ದಿನಕ್ಕೆ 5 ನಿಮಿಷ ಸಾಕು, ಎರಡನೆಯ ವಾರ 10, ತಿಂಗಳ ಕೊನೆಗೆ 20. ವಾರಕ್ಕೊಮ್ಮೆ ಒಂದು ತಾಸು ಕೂರುವುದಕ್ಕಿಂತ ಇದು ಮೇಲು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ತೂಕಡಿಕೆ ಬಂದರೆ ಕಣ್ಣು ಅರೆತೆರೆದು ಮೂರು ಅಡಿ ಮುಂದಿನ ನೆಲ ನೋಡುವುದು ಒಳ್ಳೆಯ ಉಪಾಯ. ಆದರೂ ದಿನವೂ ತೂಕಡಿಸಿದರೆ ರಾತ್ರಿಯ ನಿದ್ದೆ ಸಾಲದೆಂದೇ ಅರ್ಥ.

ಪ್ರಯೋಜನದ ಬಗ್ಗೆಯೂ ಅತಿ ಮಾತು ಬೇಡ. ಹೃದ್ರೋಗದ ಅಪಾಯ ತಗ್ಗಿಸಲು ಸಾಮಾನ್ಯ ಚಿಕಿತ್ಸೆಯ ಜೊತೆಗೆ ಧ್ಯಾನವನ್ನೂ ಪರಿಗಣಿಸಬಹುದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿತು. 'ಜೊತೆಗೆ' ಎಂಬ ಮಾತನ್ನು ಮರೆತು ಬಿಪಿ ಮಾತ್ರೆ ನಿಲ್ಲಿಸುವುದು ಅಪಾಯ.

ವೇದಿಕೆಯಿಂದ ಯಾರೂ ಹೇಳದ ಇನ್ನೊಂದು ವಿಷಯವಿದೆ. ತೀವ್ರ ಆಘಾತ ಕಂಡವರಿಗೆ, ಖಿನ್ನತೆ ಅಥವಾ ಚಿತ್ತವಿಕಲತೆಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ ಕಣ್ಣು ಮುಚ್ಚಿದ ಮೌನವೇ ಭಯ ಕೆದಕಬಹುದು. ಇಂಥವರು ವೈದ್ಯರನ್ನು ಕೇಳದೆ ಹತ್ತು ದಿನದ ಮೌನ ಶಿಬಿರಕ್ಕೆ ಹೋಗಬಾರದು. ಕಣ್ಣು ತೆರೆದು, ಹೆಜ್ಜೆ ಎಣಿಸುತ್ತ ನಿಧಾನ ನಡೆಯುವುದು ಅನೇಕರಿಗೆ ಹಗುರ. ನಿದ್ದೆ ಕೆಟ್ಟರೆ, ದಿಗಿಲು ಹೆಚ್ಚಿದರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ.

ಸಂಘಟಕರಲ್ಲಿ ವಿನಂತಿ ಇಷ್ಟೇ: ಜಮಖಾನೆಯ ಪಕ್ಕದಲ್ಲಿ ಒಂದು ಸಾಲು ಕುರ್ಚಿಯನ್ನೂ ಹಾಕಿಸಿ. ಕಣ್ಣು ತೆರೆದಿರಬಹುದು, ಆಗದಿದ್ದರೆ ನಡುವೆ ಎದ್ದು ಹೋಗಬಹುದು ಎಂಬುದನ್ನು ಶುರುವಿನಲ್ಲೇ ಮೈಕಿನಲ್ಲಿ ಹೇಳಿ.

— ಯೋಗ ಶಿಕ್ಷಕರು, ಮೈಸೂರು