ಪಪ್ಪಾಯಿ ನಂಜುರೋಗ: ಪರೀಕ್ಷಿಸಿದ ಸಸಿ ಕೊಡಿ, ತಡೆಯುವ ತಳಿ ಕೊಡಿ

ಮಾನ್ಯ ಸಂಪಾದಕರೇ,

ಪಪ್ಪಾಯಿ ಬೆಲೆ ಬಿದ್ದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಕಾಯಿ ಕೀಳುವ ಮೊದಲೇ ತೋಟ ಹೋದರೆ ಅದು ಊರ ಕಟ್ಟೆಯ ಮಾತಾಗಿ ಅಲ್ಲೇ ಮುಗಿಯುತ್ತದೆ. ಯಲಬುರ್ಗಾ ತಾಲ್ಲೂಕಿನ ನನ್ನ ಎರಡು ಎಕರೆ ಹೋದ ವರ್ಷ ಹಾಗೇ ಹೋಯಿತು.

ಸಸಿಗೆ 15 ರೂಪಾಯಿಯಂತೆ 2,000 ಸಸಿ ತಂದು ಹಚ್ಚಿದ್ದೆ. ನಾಲ್ಕನೇ ತಿಂಗಳು, ಹೂ ಬಿಡಲು ಶುರುವಾಗಿತ್ತು. ಬದುವಿನ ಕಡೆಯ ಆರೇಳು ಗಿಡಗಳ ಸುಳಿ ಎಲೆಗಳಲ್ಲಿ ಹಳದಿ ಮಚ್ಚೆ ಕಂಡವು. ಆಮೇಲೆ ಎಲೆ ದಾರದಂತೆ ಸಣ್ಣಗಾಯಿತು, ತೊಟ್ಟಿನ ಮೇಲೆ ಎಣ್ಣೆ ಸವರಿದಂಥ ಗೆರೆ ಮೂಡಿದವು. ಗೊಬ್ಬರದಂಗಡಿಯವರು ‘ವೈರಸ್ ಐತಿ, ಇದನ್ನ ಹೊಡೀರಿ’ ಎಂದು ಬಾಟಲಿ ಕೊಟ್ಟರು. ಮೂರು ಸಲ ಹೊಡೆದೆ. ರೋಗದ ಗಿಡ ಕಿತ್ತು ಸುಡಬೇಕೆಂದು ಪಕ್ಕದ ಹೊಲದವರು ಹೇಳಿದರು. ‘ಹೂ ಬಿಟ್ಟ ಗಿಡ ಹೆಂಗ ಕೀಳತೀಯಪ್ಪಾ’ ಎಂದು ಅವ್ವ ಅಡ್ಡ ನಿಂತಳು, ನನಗೂ ಕೈ ಬರಲಿಲ್ಲ. ಹದಿನೈದು ದಿನ ತಡ ಮಾಡಿದ್ದಕ್ಕೆ ಅರ್ಧ ತೋಟ ತೆತ್ತೆ. ಉಳಿದ ಕಾಯಿಗಳ ಮೇಲೆಲ್ಲ ಉಂಗುರ. ಕೊಳ್ಳಲು ಗಾಡಿ ತಂದ ವ್ಯಾಪಾರಿ ಖಾಲಿ ಗಾಡಿಯಲ್ಲೇ ತಿರುಗಿದ.

ಇದು ಪಪ್ಪಾಯಿ ಉಂಗುರ ಚುಕ್ಕೆ ರೋಗ. ಗಿಡದೊಳಗೆ ಸೇರಿದ ವೈರಸ್ಸನ್ನು ಕೊಲ್ಲುವ ಔಷಧ ಯಾವ ಅಂಗಡಿಯಲ್ಲೂ ಇಲ್ಲ. ಅದನ್ನು ಹರಡುವ ಹೇನಿಗೆ, ಅಂದರೆ ಗಿಡದ ರಸ ಹೀರುವ ಸಣ್ಣ ಸಸ್ಯಹೇನಿಗೆ, ಹೊಡೆದರಾಯಿತು ಅನ್ನುತ್ತಾರೆ, ಅದೂ ನಡೆಯುವುದಿಲ್ಲ. ಹೇನು ಪಪ್ಪಾಯಿಯಲ್ಲಿ ಸಂಸಾರ ಹೂಡುವ ಕೀಟವೇ ಅಲ್ಲ. ಹತ್ತಿ, ಅಲಸಂದಿ, ಮೆಣಸಿನ ಹೊಲಗಳಿಂದ ಹಾರಿ ಬಂದು, ಎಲೆಗೆ ಒಮ್ಮೆ ಬಾಯಿ ಚುಚ್ಚಿ ರುಚಿ ನೋಡಿ, ಮುಂದಿನ ಗಿಡಕ್ಕೆ ಹೋಗುತ್ತದೆ. ವೈರಸ್ ದಾಟಲು ಅಷ್ಟು ಕ್ಷಣವೇ ಸಾಕು. ಔಷಧದ ಎಲೆ ಕಚ್ಚಿ ಹೇನು ಸಾಯುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಹೊಲದ ಸುತ್ತ ಜೋಳವನ್ನೋ ಮೆಕ್ಕೆಜೋಳವನ್ನೋ ದಟ್ಟವಾಗಿ ಬಿತ್ತಿದ್ದರೆ ಹೇನು ಮೊದಲು ಅದನ್ನು ಚುಚ್ಚಿ, ಬಾಯಲ್ಲಿನ ನಂಜನ್ನು ಅಲ್ಲೇ ಕಳೆದುಕೊಳ್ಳುತ್ತಿತ್ತು. ಸೌತೆ, ಕಲ್ಲಂಗಡಿ ಬಳ್ಳಿಗೂ ಈ ವೈರಸ್ ತಗಲುತ್ತದೆ, ಪಪ್ಪಾಯಿ ಪಕ್ಕ ಅವನ್ನು ಹಾಕಬಾರದು. ಇದನ್ನೆಲ್ಲ ಸಸಿ ಕೊಳ್ಳುವಾಗ ನನಗೆ ಯಾರೂ ಹೇಳಲಿಲ್ಲ.

ರಾಯಚೂರಿನಲ್ಲಿ ಕೃಷಿ ಓದುತ್ತಿರುವ ನನ್ನ ತಂಗಿಯ ಮಗಳು ಹೇಳಿದ ಒಂದು ಸಂಗತಿಯಿಂದ ಈ ಪತ್ರ ಬರೆಯುವ ಮನಸ್ಸಾಯಿತು. ನಾವು ಆಲೂಬುಖಾರ ಎನ್ನುವ ಪ್ಲಮ್ ಹಣ್ಣಿನ ಮರಕ್ಕೂ ಇದೇ ಕುಲದ ವೈರಸ್ ಕಾಟವಿದೆ. ಅದನ್ನೂ ಹೇನೇ ಹರಡುತ್ತದೆ. ಜೊತೆಗೆ ರೋಗದ ಮರದಿಂದ ತೆಗೆದ ಕಸಿ ಕಡ್ಡಿಯಲ್ಲೂ ಅದು ದೇಶ ದಾಟುತ್ತದೆ. 1917ರ ಸುಮಾರಿಗೆ ಬಲ್ಗೇರಿಯಾದ ರೈತರು ಮೊದಲು ಕಂಡು ‘ಶಾರ್ಕಾ’ ಅಂದರು, ಅವರ ಭಾಷೆಯಲ್ಲಿ ಸಿಡುಬು ಎಂದರ್ಥ. ಪ್ಲಮ್ಮಿನಿಂದ ಏಪ್ರಿಕಾಟ್, ಪೀಚ್ ಮರಗಳಿಗೂ ಹತ್ತಿ ಯುರೋಪನ್ನೆಲ್ಲ ಸುತ್ತಿತು. 1999ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಾಣಿಸಿಕೊಂಡಾಗ ಅಲ್ಲಿನವರು ರೋಗದ ತೋಟದ ಜೊತೆ ಸುತ್ತಲಿನ ತೋಟಗಳನ್ನೂ ಕಡಿದರು, ಬೆಳೆಗಾರರಿಗೆ ಪರಿಹಾರ ಕೊಟ್ಟರು, ವರ್ಷ ವರ್ಷ ಎಲೆ ಪರೀಕ್ಷಿಸಿದರು. 2019ರಲ್ಲಿ ದೇಶ ರೋಗಮುಕ್ತವೆಂದು ಘೋಷಿಸಿದರು. ಪರಿಹಾರ ಸಿಗುತ್ತದೆಂದು ಗೊತ್ತಿದ್ದರೆ ನಮ್ಮವ್ವನೂ ಅಡ್ಡ ನಿಲ್ಲುತ್ತಿರಲಿಲ್ಲ.

ಕಡಿಯುವುದರ ಜೊತೆಗೇ ಯುರೋಪ್, ಅಮೆರಿಕದವರು ರೋಗ ತಡೆಯುವ ಮರವನ್ನೂ ಹುಡುಕಿದರು. ಜರ್ಮನಿಯ ಹೋಹನ್‌ಹೈಮ್‌ನಲ್ಲಿ ಬರೀ ಅಡ್ಡತಳಿ ಮಾಡುವ ಹಳೆಯ ದಾರಿಯಲ್ಲೇ ‘ಜೋಜೋ’ ಎಂಬ ಪ್ಲಮ್ ತಳಿ ತೆಗೆದರು. ವೈರಸ್ ಹೊಕ್ಕ ಜಾಗದ ಜೀವಕೋಶಗಳು ತಾವೇ ಸತ್ತು ಅದನ್ನು ಮುಂದೆ ಹೋಗಗೊಡುವುದಿಲ್ಲ. ಅಮೆರಿಕದ ಸರ್ಕಾರಿ ಕೃಷಿ ಸಂಶೋಧಕರು ವೈರಸ್ಸಿನ ಹೊದಿಕೆಯ ಜೀನನ್ನೇ ಮರಕ್ಕೆ ಸೇರಿಸಿ ‘ಹನಿಸ್ವೀಟ್’ ಮಾಡಿದರು. ಆ ಮರ ವೈರಸ್ಸಿನ ಗುರುತು ಹಿಡಿದು ಅದರ ಆರ್‌ಎನ್‌ಎ ಎಂಬ ಅನುವಂಶಿಕ ಎಳೆಯನ್ನು ಕತ್ತರಿಸಿ ಹಾಕುತ್ತದೆ. ಯುರೋಪಿನ ರೋಗಪೀಡಿತ ಪ್ರದೇಶಗಳಲ್ಲಿ ವರ್ಷಗಟ್ಟಲೆ ಬೆಳೆಸಿ ನೋಡಿದರೂ ಹೇನಿನಿಂದ ಅದಕ್ಕೆ ರೋಗ ಹತ್ತಲಿಲ್ಲ. ಪಪ್ಪಾಯಿಗೂ ಇದೇ ಉಪಾಯ ಮಾಡಿ ಹವಾಯಿಯಲ್ಲಿ 1998ರಲ್ಲಿ ‘ರೇನ್‌ಬೋ’ ತಳಿ ಬಿಟ್ಟರು, ಮೊದಲು ಬೀಜವನ್ನು ರೈತರಿಗೆ ಪುಕ್ಕಟೆ ಹಂಚಿದರು.

ಹಾಗೆಂದು ಹವಾಯಿ ಬೀಜ ತಂದು ಕೊಪ್ಪಳದಲ್ಲಿ ಬಿತ್ತಿದರೆ ಆಗದು. ಆ ಗಿಡ ಅಲ್ಲಿನ ವೈರಸ್ಸನ್ನು ಮಾತ್ರ ಗುರುತಿಸುತ್ತದೆ, ನಮ್ಮದು ಬೇರೆ ಬಗೆ. ಹೀಗೆ ಜೀನ್ ಸೇರಿಸಿದ ಕುಲಾಂತರಿ ಬೆಳೆ ಎಂದೊಡನೆ ಏಳುವ ಜಗಳವೂ ನನಗೆ ಗೊತ್ತು. 2002ರ ಬಿಟಿ ಹತ್ತಿಯ ನಂತರ ಬೀಜ ಕಂಪನಿಗಳ ಮೇಲೆ ನನಗೂ ಪೂರ್ತಿ ನಂಬಿಕೆಯಿಲ್ಲ. ಅದಕ್ಕೇ ಈ ಕೆಲಸ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ, ರೈತರ ಕಣ್ಣೆದುರು ಆಗಬೇಕು. ಪಪ್ಪಾಯಿಯ ಕಾಡು ನಂಟ ವ್ಯಾಸ್ಕಾನ್ಸೆಲಿಯಾಗೆ ಈ ರೋಗ ತಡೆಯುವ ಶಕ್ತಿಯಿದೆ. ಅಡ್ಡತಳಿ ಮಾಡಿದರೆ ಬೀಜ ಬಲಿಯುವುದು ಕಷ್ಟ, ಆದರೂ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಆ ದಾರಿಯಲ್ಲಿ ಕೆಲಸ ಮಾಡಿದೆ. ಯಾವ ದಾರಿಯೇ ಆಗಲಿ, ನಮ್ಮ ಬಿಸಿಲಲ್ಲಿ, ನಮ್ಮ ವೈರಸ್ಸಿನೆದುರು ನಿಲ್ಲಿಸಿ ನೋಡಿದ ತಳಿ ಬೇಕು.

ಅದು ಬರಲು ವರ್ಷಗಳೇ ಬೇಕು. ಸಸಿಯ ವಿಷಯಕ್ಕೆ ಕಾಯಬೇಕಿಲ್ಲ. ಈ ವೈರಸ್ ಪಪ್ಪಾಯಿ ಬೀಜದಲ್ಲಿ ಬರುವುದಿಲ್ಲ. ಬಯಲಲ್ಲಿ ಬೆಳೆಸಿದ ಸಸಿಗೆ ನರ್ಸರಿಯಲ್ಲೇ ಹೇನು ರೋಗ ಹಚ್ಚಿ ಹೋಗುತ್ತದೆ. ಹೇನು ನುಸುಳದ ಸಣ್ಣ ಕಣ್ಣಿನ ಬಲೆಯೊಳಗೆ ಬೆಳೆಸದ ಪಪ್ಪಾಯಿ ಸಸಿಯನ್ನು ನಮ್ಮ ಜಿಲ್ಲೆಯಲ್ಲಿ ಮಾರಲು ಬಿಡಬಾರದು. ತೋಟಗಾರಿಕೆ ಇಲಾಖೆ ನರ್ಸರಿಗಳ ಎಲೆ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲಿ, ಫಲಿತಾಂಶವನ್ನು ನರ್ಸರಿ ಬಾಗಿಲಲ್ಲೇ ಅಂಟಿಸಲಿ. ರೋಗದ ಗಿಡ ಮೊದಲ ವಾರವೇ ಕಿತ್ತವರಿಗೆ ಗಿಡದ ಲೆಕ್ಕದಲ್ಲಿ ಪರಿಹಾರ ಕೊಡಲಿ.

ಮುನಿರಾಬಾದಿನ ತೋಟಗಾರಿಕೆ ಕಾಲೇಜು ನಮ್ಮೂರಿಗೆ ದೂರವಿಲ್ಲ. ಅಲ್ಲಿನವರು ಹೊಸ ತಳಿ ಪರೀಕ್ಷಿಸಲು ಬಂದರೆ ಅರ್ಧ ಎಕರೆ ಮತ್ತು ಕೊಳವೆಬಾವಿ ನೀರು ನನ್ನದು. ಸುತ್ತಲಿನ ಹೊಲಗಳಲ್ಲಿ ಹೇನೂ ಇದೆ, ರೋಗವೂ ಇದೆ. ಇಲ್ಲಿ ನಿಂತ ಗಿಡ ಜಿಲ್ಲೆಯ ಎಲ್ಲಿ ಹಚ್ಚಿದರೂ ನಿಂತೀತು.

ಇಂತಿ,
ಒಬ್ಬ ಪಪ್ಪಾಯಿ ಬೆಳೆಗಾರ
ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ