ಕೆಳಗಿನ ಹೊಲಕ್ಕೆ ಈ ಸಲ ಕೆಂಪು ನೀರು ಬರಲಿಲ್ಲ

ಮೊನ್ನೆ ರಾತ್ರಿಯೆಲ್ಲ ಜೋರು ಮಳೆ. ಬೆಳಗ್ಗೆ ಆರಕ್ಕೇ ಡಂಪಿನ, ಅಂದರೆ ಕಬ್ಬಿಣದ ಅದಿರಿನ ಗಣಿಯಿಂದ ತೆಗೆದು ಸುರಿದ ತ್ಯಾಜ್ಯದ ರಾಶಿಯ, ಬುಡಕ್ಕೆ ಹೋದೆ. ಅಲ್ಲಿ ಹರಿದು ಬರುವ ನೀರಿನ ಹೂಳು ತಡೆಯುವ ಮೂರು ಗುಂಡಿಗಳಿವೆ. ಮೊದಲನೆಯದರಲ್ಲಿ ನೀರು ಕುಂಕುಮ ಕಲಸಿದ ಹಾಗಿತ್ತು. ಎರಡನೆಯದರಲ್ಲಿ ಚಹಾದ ಬಣ್ಣ. ಮೂರನೆಯದರಿಂದ ಹೊರಗೆ ಹೋಗುವ ನೀರನ್ನು ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಿದೆ. ಬಾಟಲಿಯ ಆಚೆ ಬದಿಯ ಬೆರಳು ಕಾಣುತ್ತಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಕಣ್ಣು ತುಂಬಿ ಬಂತು. ಸಂಡೂರಿನ ಈ ಗುಡ್ಡದಲ್ಲಿ ನನ್ನ ಜೊತೆ ನಾಲ್ಕು ವರ್ಷ ದುಡಿದವರಿಗೆಲ್ಲ ಒಂದು ಮಾತು ಹೇಳಲೇಬೇಕು ಅನ್ನಿಸಿತು.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದು ನಮ್ಮ ಕಡೆಯವರಿಗೆಲ್ಲ ಗೊತ್ತು. ಮತ್ತೆ ಗಣಿ ನಡೆಸಬೇಕಾದರೆ ಕೆಟ್ಟ ನೆಲವನ್ನೂ ಸರಿಪಡಿಸಬೇಕು ಅಂತಾಯಿತು. 2013ರ ಏಪ್ರಿಲ್ 18ರ ತೀರ್ಪು ಅದನ್ನು ಗಟ್ಟಿ ಮಾಡಿತು. ನಾವು ಮಾಡಿದ್ದು ಅಂಥದ್ದೇ ಒಂದು ಡಂಪಿನ ಕೆಲಸ.

ಮೊದಲ ವರ್ಷದ ತಪ್ಪು ನನ್ನದು. ಬೇಗ ಹಸಿರು ಕಾಣಲಿ ಅಂತ ಕಾಲುವೆ ಮುಗಿಯುವ ಮೊದಲೇ ಸಸಿ ನೆಡಿಸಿದೆ. ಒಂದೇ ಮಳೆಗೆ ಇಳಿಜಾರು ಸೀಳಿತು. ಸಸಿಗಳ ಸಮೇತ ಮಣ್ಣು ಕೆಳಗಿನ ಶೇಂಗಾ ಹೊಲಕ್ಕೆ ನುಗ್ಗಿತು. ಹೊಲದ ಯಜಮಾನರು ಕೂಗಾಡಲಿಲ್ಲ. "ನೀರಿಗೆ ದಾರಿ ಬಿಡದೆ ಗಿಡ ಇಟ್ರೆ ನಿಲ್ತಾವೇನಪ್ಪ?" ಅಂದರು, ಅಷ್ಟೇ. ಯಜಮಾನ್ರೇ, ನಿಮಗೆ ಮೊದಲ ನಮಸ್ಕಾರ.

ಕುರಿ ಕಾಯುವ ಅಜ್ಜ, ನಮ್ಮ ನಕ್ಷೆಯಲ್ಲಿ ಇಲ್ಲದ ಹಳ್ಳವನ್ನು ತೋರಿಸಿದವರು ನೀವು. ಗಣಿ ಬರುವ ಮೊದಲು ಅಲ್ಲೇ ಕುರಿಗೆ ನೀರು ಕುಡಿಸುತ್ತಿದ್ದಿರಂತೆ. ಕೋಲಿನಿಂದ ಧೂಳಿನಲ್ಲಿ ಗೆರೆ ಎಳೆದಿರಿ. ಡಂಪಿನ ಸುತ್ತುಗಾಲುವೆಯನ್ನು ಆ ಗೆರೆಯ ಕಡೆಗೇ ತಿರುಗಿಸಿದೆವು. ಈಗ ನೀರು ತನ್ನ ಹಳೇ ಹಳ್ಳದಲ್ಲೇ ಹೋಗುತ್ತಿದೆ.

ಹಿಟಾಚಿ ಓಡಿಸಿದ ಅಣ್ಣ, ಪ್ರತಿ ಬೆಂಚೂ (ಇಳಿಜಾರಿನಲ್ಲಿ ಕಡಿದ ಮೆಟ್ಟಿಲು) ಒಳಗಡೆಗೆ ವಾಲಬೇಕು ಅಂತ ನಾನು ಎಷ್ಟು ಸಲ ತಿದ್ದಿಸಿದೆ, ನೀವು ಒಮ್ಮೆಯೂ ಬೇಸರ ಮಾಡಿಕೊಳ್ಳಲಿಲ್ಲ. ನೀರು ಅಂಚಿನಿಂದ ಧುಮುಕಿದರೆ ಕೊರೆಯುತ್ತದೆ. ಒಳಕ್ಕೆ ಹರಿದು, ಕಲ್ಲು ಕಟ್ಟಿದ ಕಾಲುವೆಯಲ್ಲಿ ಮೆಲ್ಲಗೆ ಇಳಿದರೆ ಮಣ್ಣು ಉಳಿಯುತ್ತದೆ. ಡಂಪು ಉಳಿದಿದ್ದು ಇದರಿಂದಲೇ ಅಂತ ನಾನು ನಂಬಿದ್ದೇನೆ.

ಇನ್ನು ನಮ್ಮ ಅಕ್ಕಂದಿರು. ನಿಮ್ಮ ಬಗ್ಗೆ ಎಷ್ಟು ಬರೆದರೂ ಕಡಿಮೆ. ಡಂಪಿನಲ್ಲಿ ಇರುವುದು ಮಣ್ಣಲ್ಲ, ಕಲ್ಲಿನ ಚೂರು ಮತ್ತು ಅದಿರಿನ ಧೂಳು. ಬೇಸಿಗೆಯಲ್ಲಿ ಕಾಲಿಟ್ಟರೆ ಚಪ್ಪಲಿಯೊಳಗೂ ಸುಡುತ್ತದೆ. ಅಂಥ ಇಳಿಜಾರಿನಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತೆಂಗಿನ ನಾರಿನ ಚಾಪೆ ಹಾಸಿದಿರಿ. ಸಸಿಯ ಗುಂಡಿ ಗುಂಡಿಗೂ ಕೆರೆಗೋಡು (ಕೆರೆಯ ಹೂಳು), ಕೊಟ್ಟಿಗೆ ಗೊಬ್ಬರ ಹೊತ್ತಿರಿ. ಚಾಪೆಯ ಕೆಳಗೆ ಹುರುಳಿ, ಸೆಣಬು, ಹುಲ್ಲಿನ ಬೀಜ ಚೆಲ್ಲಿದಿರಿ. ಎಂಟನೇ ದಿನ ನಿಮ್ಮಲ್ಲೊಬ್ಬರು "ಸಾರ್, ಬರ್ರಿ ಇಲ್ಲಿ" ಅಂತ ಕೂಗಿದಿರಿ. ನಾರಿನ ಕಣ್ಣಿನಿಂದ ಎರಡು ಹುರುಳಿ ಎಲೆ ಹೊರಗೆ ಬಂದಿದ್ದವು. ನೀವು ಸೆರಗಿನ ತುದಿಯಿಂದ ಅವುಗಳ ಮೇಲಿನ ಕೆಂಪು ಧೂಳು ಒರೆಸಿದಿರಿ. ಅದನ್ನು ನಾನು ಮರೆಯುವುದಿಲ್ಲ. ಆ ಚಾಪೆ ಈಗ ಕೊಳೆತು ಮಣ್ಣಾಗುತ್ತಿದೆ, ಬೇರುಗಳೇ ಇಳಿಜಾರು ಹಿಡಿದುಕೊಂಡಿವೆ.

ನರ್ಸರಿಯವರೇ, ಬೇಗ ಬೆಳೆಯುವ ಅಕೇಶಿಯಾ ಸಾಕು ಅಂದವರು ಜಾಸ್ತಿ ಜನ ಇದ್ದರು, ಅಲ್ವಾ? ನೀವು ಸುತ್ತಲಿನ ಕಾಡಿನಿಂದಲೇ ಬೀಜ ಆರಿಸಿ ತಂದು ಕಮರ, ಕಕ್ಕೆ, ಹೊಂಗೆ, ಬಂದರಿಕೆ ಸಸಿ ಮಾಡಿಕೊಟ್ಟಿರಿ. ಬಂದರಿಕೆಯನ್ನು ಮೇಕೆ ಮುಟ್ಟುವುದಿಲ್ಲ, ಹಾಗಾಗಿ ಅದೇ ಮೊದಲು ಪೊದೆಯಾಯಿತು. ಕಮರ ಇನ್ನೂ ಮೊಣಕಾಲುದ್ದ. ಇರಲಿ, ಅದಕ್ಕೆ ಕಾಯೋಣ.

ನಿನ್ನೆ ಕೆಳಗಿನ ಹೊಲದ ಯಜಮಾನರು ಒಂದು ಚೀಲ ಹಸಿ ಶೇಂಗಾ ಕಳಿಸಿದ್ದಾರೆ. ಮಣ್ಣು ನುಗ್ಗಿತ್ತಲ್ಲ, ಅದೇ ಮೂಲೆಯಲ್ಲಿ ಬೆಳೆದದ್ದಂತೆ. ಭಾನುವಾರ ಸೈಟಿನ ಶೆಡ್ಡಿನ ಹತ್ತಿರ ಉಪ್ಪು ಹಾಕಿ ಬೇಯಿಸುತ್ತೇನೆ. ಮಕ್ಕಳನ್ನೂ ಕರೆದುಕೊಂಡು ಎಲ್ಲರೂ ಬನ್ನಿ.